ಹುಣಸೆ ನೀರಿನಲ್ಲಿ ಬೆಂದ ಕವಡೆಗಳು

ರಜೆ ಮುಗಿದ ಮೇಲೆ ಕಿತ್ತೂರಿನ ಕಾಲೇಜಿಗೆ ಹೋಗಿ ಸ್ಟಾಫ್ ರೂಮಿನ ನನ್ನ ಮೇಜಿನ ಡ್ರಾವರ್ ಎಳೆದಾಗ, ಒಳಗಿನಿಂದ ಬಂದ ನಾತಕ್ಕೆ ಕುರ್ಚಿ ಬಿಟ್ಟು ಎದ್ದು ನಿಂತೆ. ಇಲಿ ಸತ್ತಿರಬೇಕು ಅಂದುಕೊಂಡೆ. ಉತ್ತರಪತ್ರಿಕೆಗಳನ್ನು ಸರಿಸಿ ನೋಡಿದರೆ ಇಲಿ ಇರಲಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಹಾಕಿಟ್ಟಿದ್ದ ಒಂದು ಕವಡೆ ಇತ್ತು. ಕವರಿನ ಒಳಮೈಗೆ ಕಂದು ನೀರು ಹತ್ತಿತ್ತು. ಕವಡೆಯ ಹಲ್ಲಿನಂಥ ಸೀಳಿನಿಂದ ಲೋಳೆ ಇಳಿದು ಅಂಚಿನಲ್ಲಿ ಒಣಗಿತ್ತು.

ರಜೆಗೆ ಮುಂಚೆ ಅದನ್ನು ನನಗೆ ಕೊಟ್ಟವರು ನಮ್ಮ ಕಾಲೇಜಿನ ಇತಿಹಾಸದ ಅಧ್ಯಾಪಕರು. ಕುಟುಂಬ ಸಮೇತ ಹವಳದ ದ್ವೀಪ ನೋಡಲು ಹೋಗಿದ್ದರು. ಎಲ್ಲರಿಗೂ ಹಲ್ವಾ, ರಸಾಯನಶಾಸ್ತ್ರ ಕಲಿಸುವ ನನಗೆ ಮಾತ್ರ ವಿಶೇಷ ಕಾಣಿಕೆ.

"ಅಸಲಿ ಐತ್ರಿ ಸರ. ಅಂಗಡ್ಯಾಗಿಂದಲ್ಲ, ನಾನ ನೀರಾಗ ಕೈ ಹಾಕಿ ಹಿಡದದ್ದು. ಹಿಡದಾಗ ಇನ್ನೂ ಒಳಗ ಸರಕೊಳ್ಳಾಕ ಹತ್ತಿತ್ತು ನೋಡ್ರಿ!" ಅಂದಿದ್ದರು. ಆಮೇಲೆ ಫೋನಿನಲ್ಲಿ ಹವಳದ ಫೋಟೋಗಳನ್ನು ಸರಿಸಿ ಸರಿಸಿ ತೋರಿಸಿದ್ದರು. ನೀಲಿ ನೀರಿನ ಕೆಳಗೆ ಬೆಳ್ಳಗಿನ ಕೊಂಬೆಗಳು, ಬೆಳ್ಳಗಿನ ಗುಡ್ಡೆಗಳು. "ಮಲ್ಲಿಗಿ ಅರಳಿದಂಗ ಆಗೇತಿ. ಗೈಡ್ ಹೇಳಿದಾ, ಎಲ್ಲಾ ಸತ್ತಾವಂತ. ಸತ್ತರೂ ಏನ್ ಚಂದ ಅದಾವ ನೋಡ್ರಿ!"

ಅವರು ಒಳ್ಳೆಯ ಮನುಷ್ಯರು. ಅದಕ್ಕೇ ನನಗೆ ಹೆಚ್ಚು ಅಸಹ್ಯವಾಯಿತು. ಕವರನ್ನು ಎರಡು ಬೆರಳಿನಲ್ಲಿ ಹಿಡಿದು ಕಾಲೇಜಿನ ಹಿಂದಿನ ತಗ್ಗಿಗೆ ಎಸೆದು ಬಂದು, ಕೈಯನ್ನು ಸಾಬೂನಿನಿಂದ ತೊಳೆದೆ. ವಾಸನೆ ನೋಡಿದೆ. ಮತ್ತೆ ತೊಳೆದೆ. ಆಗ ಕಾಕು ನೆನಪಾದರು… ಬಚ್ಚಲ ಕಲ್ಲಿನ ಮೇಲೆ ಕೂತು ಉಗುರಿನ ಸಂದಿಗೆ ಬೂದಿ ಹಾಕಿ ಉಜ್ಜಿಕೊಳ್ಳುತ್ತಿದ್ದ ಕಾಕು.

ಸವದತ್ತಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಓಣಿಯ ಮಕ್ಕಳೆಲ್ಲ ಅವರನ್ನು ಚಿಕ್ಕಮ್ಮನೆಂಬ ಅರ್ಥದಲ್ಲಿ ಕಾಕು ಅನ್ನುತ್ತಿದ್ದೆವು. ಇಳಕಲ್ ಸೀರೆ ಉಡುತ್ತಿದ್ದರು ಎಂದು ಬರೆಯಲು ಹೊರಟು ನಿಲ್ಲಿಸಿದ್ದೇನೆ. ನನಗೆ ಅದು ನೆನಪಿಲ್ಲ. ಆ ವಯಸ್ಸಿನ ಹೆಂಗಸಿಗೆ ಮನಸ್ಸು ತಾನೇ ಒಂದು ಇಳಕಲ್ ಸೀರೆ ಉಡಿಸುತ್ತಿದೆ, ಅಷ್ಟೆ. ನೆನಪಿರುವುದು ಅವರ ಬಾಯಿ. ತುಟಿಗಳ ನಡುವೆ ಯಾವಾಗಲೂ ಒಂದೆರಡು ಕವಡೆ ಇರುತ್ತಿದ್ದವು. ದರ್ಜಿಗಳು ಗುಂಡುಸೂಜಿಯನ್ನು ಬಾಯಲ್ಲಿ ಹಿಡಿದುಕೊಳ್ಳುವಂತೆ ಅವರು ಕವಡೆ ಹಿಡಿದುಕೊಂಡು, ದಾರ ಎಳೆದು, ಗಂಟು ಹಾಕಿ, ಬಾಯೊಳಗಿನದನ್ನು ತೆಗೆದು ಪೋಣಿಸುತ್ತಿದ್ದರು. ಮಾತಾಡಿಸಿದರೆ ಮೂಗಿನಲ್ಲೇ ಹೂಂಗುಟ್ಟುತ್ತಿದ್ದರು.

ಎಲ್ಲಮ್ಮನ ಗುಡ್ಡಕ್ಕೆ ಬರುವ ಭಕ್ತರಿಗೆ ಕವಡೆ ಬೇಕು. ದೇವಿಗೆ ಮುಡಿಪಾದ ಜೋಗವ್ವಂದಿರ ಕೊರಳಿಗೆ ಕವಡೆಯ ಸರ, ದೇವಿಯ ಬುಟ್ಟಿಯ ಸುತ್ತ ಕವಡೆಯ ಪಟ್ಟಿ. ಕಾಕು ಹುಬ್ಬಳ್ಳಿಯ ವ್ಯಾಪಾರಿಯಿಂದ ಚೀಲದಲ್ಲಿ ಕವಡೆ ತರಿಸಿ, ಒಂದೊಂದರ ಬೆನ್ನನ್ನು ಕಲ್ಲಿಗೆ ತಿಕ್ಕಿ ತೂತು ಮಾಡಿ, ಅಂಟವಾಳದ ನೊರೆಯಲ್ಲಿ ತೊಳೆದು, ಸರ ಮಾಡಿ ಗುಡ್ಡದ ಅಂಗಡಿಗಳಿಗೆ ಕೊಡುತ್ತಿದ್ದರು. ಕಾಕು ಲಿಂಗವಂತರು. ಮೊಟ್ಟೆಯ ಸಿಪ್ಪೆ ದಾರಿಯಲ್ಲಿ ಬಿದ್ದಿದ್ದರೆ ಸೆರಗು ಮೂಗಿಗೆ ಹಿಡಿದು ಸುತ್ತಿ ಹೋಗುವವರು. ಕವಡೆ ಎಂದರೆ ಅವರ ಪಾಲಿಗೆ, ನಮ್ಮ ಇಡೀ ಓಣಿಯ ಪಾಲಿಗೆ, ಸಮುದ್ರದ ದಂಡೆಯಲ್ಲಿ ಬೆಳೆಯುವ ಒಂದು ಬಗೆಯ ಬೀಜ. ಯಾರೂ ಸಮುದ್ರ ನೋಡಿರಲಿಲ್ಲ. ಮನೋಳಿಯ ಹತ್ತಿರ ಮಲಪ್ರಭೆಯಲ್ಲಿ ನೀರು ನಿಂತದ್ದನ್ನು ನೋಡಿ, ಇದನ್ನೇ ಎಷ್ಟೋ ಪಟ್ಟು ದೊಡ್ಡದು ಮಾಡಿಕೊಂಡರೆ ಸಮುದ್ರ ಎಂದು ತಿಳಿದಿದ್ದೆವು.

ನಾನು ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಗ, ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ, ಒಂದು ಚಳಿಗಾಲ ಕಾಕುವಿನ ಮನೆಗೆ ಬಂದ ಚೀಲ ನಾರುತ್ತಿತ್ತು.

ಅದಕ್ಕೆ ಮುಂಚೆ ಬರುತ್ತಿದ್ದ ಕವಡೆಗಳು ಒಣಗಿ ಸ್ವಚ್ಛವಾಗಿರುತ್ತಿದ್ದವು. ಈ ಚೀಲ ಪಡಸಾಲೆಯಲ್ಲಿ ಇಳಿಸಿದ ಹೊತ್ತಿಗೇ ಓಣಿಯವರು ಬಾಗಿಲಿಗೆ ಬಂದು ಮೂಗು ಅರಳಿಸಿದರು. "ಯಾರ ಮನ್ಯಾಗಬೇ ಮೀನಾ ಬೇಸಾಕ ಹತ್ಯಾರ?" ಎಂದು ಎದುರುಮನೆಯ ಮುದುಕಿ ಕೂಗಿದಳು. ಲಿಂಗವಂತರ ಓಣಿಯಲ್ಲಿ ಆ ಪ್ರಶ್ನೆ ಬೈಗುಳಕ್ಕಿಂತ ಕಡಿಮೆಯದಲ್ಲ. ಕಾಕು ಬಾಗಿಲು ಮುಂದೆ ಮಾಡಿ, ಒಂದು ಕವಡೆಯ ಸೀಳಿಗೆ ದಬ್ಬಣ ಚುಚ್ಚಿ ಎಳೆದರು. ಕಪ್ಪಗಿನ ದಾರದಂಥದೊಂದು ಹೊರಗೆ ಬಂತು.

"ತಮ್ಮಾ, ಏನೋ ಇದು?"

"ಹುಳಾ ಕಾಕು. ಬಸವನಹುಳದಂಥದ್ದು. ಇದು ಅದರ ಮನಿ."

"ಎಲ್ಲಾದ್ರಾಗೂ ಇತ್ತೇನೋ?"

"ಎಲ್ಲಾದ್ರಾಗೂ ಇರತೈತಿ. ಮೊದಲ ತಗದು ಕಳಸ್ತಿದ್ರು. ಈ ಸಲಾ ತಗದಿಲ್ಲ."

ಕಾಕು ದಬ್ಬಣ ಕೆಳಗಿಟ್ಟರು. "ಇಷ್ಟ್ ವರ್ಷ ನಾ ಬಾಯಾಗ ಹಿಡಕೊಂಡೇನಲ್ಲೋ…" ಅಂದು ಎದ್ದು ಬಚ್ಚಲಿಗೆ ಹೋದರು. ಅವರು ವಾಂತಿ ಮಾಡಿಕೊಂಡ ಸದ್ದು ನಮ್ಮ ಗೋಡೆಯಾಚೆಗೂ ಕೇಳಿತು.

ಈ ಮಾತುಕತೆ ಹೀಗೇ ನಡೆಯಿತು ಎಂದು ಆಣೆ ಮಾಡಲಾರೆ. ಆ ದಿನ ನಾನು ಊರಲ್ಲೇ ಇರಲಿಲ್ಲ, ಮರುದಿನ ಬಂದೆ, ಅಮ್ಮ ಹೇಳಿದ್ದನ್ನು ನಾನು ಕಂಡದ್ದೆಂದು ಸೇರಿಸಿಕೊಂಡಿದ್ದೇನೆ ಎನ್ನುತ್ತಾಳೆ ನನ್ನ ತಂಗಿ. ಇರಬಹುದು. ಇನ್ನೊಂದು ಅನುಮಾನ ಇದಕ್ಕಿಂತ ದೊಡ್ಡದು. ಹುಬ್ಬಳ್ಳಿಯ ವ್ಯಾಪಾರಿಗೆ ಈ ಬಗ್ಗೆ ತಕರಾರು ಹೇಳಿಕಳಿಸಿದಾಗ ಅವನು "ಸಮುದ್ರದಾಗ ಏನೋ ಬ್ಯಾನಿ ಬಂದೈತಂತ, ಮಾಲ ಇಲ್ಲ, ಸಿಕ್ಕದ್ದು ತಗೋರಿ" ಎಂದು ಉತ್ತರ ಕೊಟ್ಟನೆಂದು ಕಾಕು ಹೇಳಿದ ನೆನಪು ನನಗೆ ಸ್ಪಷ್ಟವಾಗಿದೆ. ಅತಿ ಸ್ಪಷ್ಟವಾಗಿದೆ. ಆ ವರ್ಷಗಳಲ್ಲೇ ಹಿಂದೂ ಮಹಾಸಾಗರದ ಹವಳದ ದಿಬ್ಬಗಳು ಬಿಸಿ ನೀರಿಗೆ ಬಿಳಿಚಿಕೊಂಡವು ಎಂಬುದನ್ನು ನಾನು ಓದಿದ್ದು ಬಹಳ ತಡವಾಗಿ. ಓದಿದ ಮೇಲೆ ಆ ವ್ಯಾಪಾರಿಯ ಬಾಯಿಗೆ ಈ ಮಾತು ನಾನೇ ತುರುಕಿದೆನೋ ಏನೋ. ಅವನು ನಿಜಕ್ಕೂ ಹಾಗೆ ಅಂದಿದ್ದರೂ, ಕೆಟ್ಟ ಮಾಲು ಸಾಗಿಸಲು ಹೇಳಿದ ಸುಳ್ಳೂ ಆಗಿರಬಹುದು. ಒಂದು ನಾರುವ ಚೀಲದಿಂದ ಸಾಗರದ ಆರೋಗ್ಯ ಹೇಳಲಾಗದು.

ಆದರೆ ಚೀಲದ ಪಕ್ಕದಲ್ಲಿ ಇನ್ನೊಂದು ಇತ್ತು, ಅದರ ಬಗ್ಗೆ ಅನುಮಾನವಿಲ್ಲ. ಜೋಗವ್ವನ ಸರ.

ಜೋಗವ್ವ ಮನೋಳಿಯ ಕಡೆಯವಳು. ತಲೆಯ ಮೇಲೆ ದೇವಿಯ ಬುಟ್ಟಿ ಹೊತ್ತು ಬಂದರೆ ನಮ್ಮ ಓಣಿಯ ಹೆಂಗಸರು ಕಾಲಿಗೆ ನೀರು ಹಾಕಿ ಕೈಮುಗಿಯುತ್ತಿದ್ದರು. ಆದರೆ ಹೊಸ್ತಿಲು ದಾಟಿ ಒಳಗೆ ಬಾ ಅನ್ನುತ್ತಿರಲಿಲ್ಲ. ಅವಳೂ ಬರುತ್ತಿರಲಿಲ್ಲ. ಕಟ್ಟೆಯ ತುದಿಯಲ್ಲಿ ಅವಳ ಜಾಗ, ಅವಳಿಗೆಂದು ಬೇರೆ ಇಟ್ಟ ಲೋಟ. ಅವಳ ಸರದ ಕವಡೆಗಳು ಅವಳ ಅಜ್ಜಿಯ ಕಾಲದವು. ಮೂರು ಹೆಂಗಸರ ಕೊರಳಿನ ಎಣ್ಣೆ, ಬೆವರು, ಅರಿಷಿಣದ ಭಂಡಾರ ಕುಡಿದು ಜೇನಿನ ಬಣ್ಣಕ್ಕೆ ತಿರುಗಿದ್ದವು. ಹೊಸ ಕವಡೆಗಳಿಗಿಂತ ದಪ್ಪ, ತೂಕ. ಕೈಗೆ ತಣ್ಣಗೆ, ಜಾರುವಷ್ಟು ನುಣುಪು. ದಾರ ಹರಿದಿತ್ತು. ಹೊಸ ದಾರದಲ್ಲಿ ಪೋಣಿಸಿ, ಗುಡ್ಡದ ಜಾತ್ರೆ ನಡೆಯುವ ಭಾರತ ಹುಣ್ಣಿಮೆಯ ಮುಂಚೆ ಕೊಡಬೇಕೆಂದು ಕಾಕುವಿನ ಕೈಗೆ ಕೊಟ್ಟು ಹೋಗಿದ್ದಳು. ಆ ಸರವನ್ನು ಅವಳು ಬೇರೆ ಯಾರಿಗೂ ಕೊಟ್ಟವಳಲ್ಲ.

ನಾರುವ ಚೀಲವನ್ನು ಹಿಂದಕ್ಕೆ ಕಳಿಸುವಂತಿರಲಿಲ್ಲ, ಹುಣ್ಣಿಮೆ ಹತ್ತಿರ ಬಂದಿತ್ತು. ಕಾಕುಗೆ ಗೊತ್ತಿದ್ದ ಶುದ್ಧಿಯ ದಾರಿ ಒಂದೇ. ತಾಮ್ರದ ಹಂಡೆ, ಹಿತ್ತಾಳೆಯ ತಂಬಿಗೆ, ದೇವರ ದೀಪ, ಎಲ್ಲಕ್ಕೂ ಹುಣಸೆಹಣ್ಣು. ಬಚ್ಚಲ ಒಲೆಯ ಮೇಲಿನ ಹಂಡೆಗೆ ಹಳೆಯ ಹುಣಸೆಹಣ್ಣು ಕಿವುಚಿ, ಕವಡೆಗಳನ್ನೆಲ್ಲ ಸುರಿದು, ಕೆಳಗೆ ಸಗಣಿಯ ಕುಳ್ಳು ಹೊತ್ತಿಸಿ, ಕೆಂಡದ ಮೇಲೆ ಬಿಟ್ಟು ಮಲಗಿದರು. ಜೋಗವ್ವನ ಕವಡೆಗಳನ್ನೂ ಅದಕ್ಕೇ ಹಾಕಿದರು.

ಬೆಳಿಗ್ಗೆ ಅವರು ಕೂಗಿದ ಕೂಗಿಗೆ ನಾನು ಓಡಿ ಹೋದದ್ದು ನಿಜವಾಗಿಯೂ ನನ್ನ ನೆನಪು. ಹಂಡೆಯ ಒಳಮೈ ಹೊಸದರಂತೆ ಕೆಂಪಗೆ ಹೊಳೆಯುತ್ತಿತ್ತು. ಕವಡೆಗಳು ಹೊಳಪು ಕಳೆದುಕೊಂಡು ಸುಣ್ಣದ ಹರಳುಗಳಾಗಿದ್ದವು. ಸೀಳಿನ ಹಲ್ಲುಗಳು ಮೊಂಡಾಗಿದ್ದವು. ಮುಟ್ಟಿದರೆ ಬೆರಳಿಗೆ ಬಿಳಿ ಹುಡಿ. ಹೊಸವು ಯಾವುವು, ಜೋಗವ್ವನವು ಯಾವುವು ಎಂದು ಗಾತ್ರ ನೋಡಿ ಬೇರೆ ಮಾಡಬೇಕಾಯಿತು. ಜೇನಿನ ಬಣ್ಣ ಎಲ್ಲೂ ಇರಲಿಲ್ಲ. ನಾತ ಮಾತ್ರ ಸ್ವಲ್ಪ ಉಳಿದಿತ್ತು… ಹುಳಿಯ ಜೊತೆ ಬೆರೆತು ಇನ್ನಷ್ಟು ಕೆಟ್ಟದಾಗಿ.

ಕಾಕು ಆಮೇಲಿನ ದಿನಗಳಲ್ಲಿ ಅವಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದರು. ಹಚ್ಚಿದಾಗ ಹೊಳೆಯುತ್ತಿದ್ದವು, ಒಂದು ಗಳಿಗೆ ಬಿಟ್ಟರೆ ಎಣ್ಣೆ ಕುಡಿದು ಮತ್ತೆ ಸತ್ತ ಬಣ್ಣ. ಅರಿಷಿಣ ಹಚ್ಚಿದರು, ಮೇಣ ತಿಕ್ಕಿದರು. ಹುಣ್ಣಿಮೆಗೆ ಮುಂಚೆ ಜೋಗವ್ವ ಬಂದು ಕಟ್ಟೆಯ ತುದಿಯಲ್ಲಿ ಕೂತಾಗ, ಕಾಕು ಸರವನ್ನು ಹೊಸ ಬಟ್ಟೆಯಲ್ಲಿ ಸುತ್ತಿ ಮುಂದಿಟ್ಟರು.

ಜೋಗವ್ವ ಬಟ್ಟೆ ಬಿಡಿಸಿದಳು. ಒಂದು ಕವಡೆಯನ್ನು ಕೆನ್ನೆಗೆ ಒತ್ತಿ ನೋಡಿ ಕೆಳಗಿಟ್ಟಳು.

"ಅಕ್ಕಾರ, ನನ್ನ ಸರಾ ಕೊಡ್ರಿ."

"ಅದನಬೇ ಅದು."

"ಚ್ಯಾಷ್ಟಿ ಮಾಡಬ್ಯಾಡ್ರಿ. ಹುಣ್ಣಿಮಿಗೆ ಗುಡ್ಡಾ ಏರಬೇಕ ನಾ. ನನ್ನ ಸರಾ ತರ್ರಿ."

"ದೇವರಾಣಿ ಅದ ಐತಿ ಜೋಗವ್ವಾ. ತೊಳದೇನಿ. ತೊಳದದ್ದಕ್ಕ ಹಂಗಾಗ್ಯಾವ."

"ತೊಳದಿ?" ಅವಳ ಮಾತಿನಿಂದ 'ರಿ' ಉದುರಿಹೋಗಿತ್ತು. "ತೊಳಿ ಅಂತ ಯಾರ ಹೇಳಿದ್ರು ನಿನಗ? ದಾರಾ ಹರದೈತಿ, ಪೋಣಿಸಿ ಕೊಡು ಅಂದಿದ್ದೆ ನಾ."

"ಹೊಸಾ ಮಾಲಿನ ನಾತಾ ಹತ್ತಿತ್ತಬೇ, ಅದಕ್ಕ…"

ಜೋಗವ್ವ ಎದ್ದು ನಿಂತು ಓಣಿಯ ಎರಡೂ ತುದಿಗೆ ಕೇಳುವ ಹಾಗೆ ಕೂಗಿದಳು. "ಬದಲಿ ಮಾಡ್ಯಾಳ್ರಿ! ನಮ್ಮವ್ವನ ಕವಡಿ ಒಳಗಿಟ್ಕೊಂಡು ನನಗ ಸುಣ್ಣದ ಹಳ್ಳ ಪೋಣಿಸಿ ಕೊಟ್ಟಾಳ! ಎಲ್ಲವ್ವನ ಸರಾ ಕದ್ದಾಳ!"

ಬಾಗಿಲುಗಳೆಲ್ಲ ತೆರೆದವು. ಓಣಿಯ ಹಿರಿಯರೊಬ್ಬರು "ಏನಬೇ, ಯಾರ ಓಣ್ಯಾಗ ನಿಂತ ದನಿ ಏರಸಾಕ ಹತ್ತಿ?" ಎಂದು ಗದರಿದರೆ, ಅವರ ಹೆಂಡತಿ ದೇವಿಯ ಭಯಕ್ಕೆ ಅವರ ತೋಳು ಜಗ್ಗಿದಳು. ಕಾಕು ಗೋಡೆಗೆ ಒರಗಿ ನಿಂತಿದ್ದರು. ನಾನು ಒಳಗೆ ಓಡಿ ನಿಂಬೆಹಣ್ಣು, ಗಾಜಿನ ಲೋಟ, ಚೀಲದ ತಳದಲ್ಲಿ ತೊಳೆಯದೆ ಉಳಿದಿದ್ದ ಒಂದು ಕವಡೆ ತಂದೆ. ಎಂ.ಎಸ್ಸಿ. ವಿದ್ಯಾರ್ಥಿ ಇನ್ನೇನು ತಂದಾನು? ಕವಡೆಯ ಮೇಲೆ ರಸ ಹಿಂಡಿದೆ. ಸಣ್ಣ ಗುಳ್ಳೆಗಳು ಎದ್ದವು.

"ನೋಡಿಲ್ಲೆ ಜೋಗವ್ವಾ. ಹುಳಿ ಬಿದ್ರ ಕವಡಿ ಕರಗತೈತಿ. ಹುಣಸಿ ನೀರಾಗ ನಿನ್ನವೂ ಹಿಂಗ ಆಗ್ಯಾವ. ಕಾಕು ಕದ್ದಿಲ್ಲ."

ಜೋಗವ್ವ ಲೋಟವನ್ನು ನೋಡಿದಳು, ನನ್ನನ್ನು ನೋಡಿದಳು. "ಭಾಳ ಶಾಣ್ಯಾ ಅದಿ. ನಿಮ್ಮ ಓಣ್ಯಾಗ ಗುಳ್ಳೀನೂ ನಿಮ್ಮ ಕಾಕೂನ ಕಡೀನ ಸಾಕ್ಷಿ ಹೇಳತಾವ."

ಯಾರೋ ಕಿಸಕ್ಕನೆ ನಕ್ಕರು. ಅವಳು ಸರವನ್ನು ಸೆರಗಿನಲ್ಲಿ ಕಟ್ಟಿಕೊಂಡು, ತನ್ನ ಲೋಟವನ್ನು ಕಟ್ಟೆಯ ಮೇಲೆ ಬೋರಲು ಹಾಕಿ ಹೋದಳು. ಮತ್ತೆ ನಮ್ಮ ಓಣಿಗೆ ಬರಲಿಲ್ಲ.

ಎದುರಿಗೆ ಎಲ್ಲರೂ ಕಾಕುವಿನ ಪರ ಮಾತಾಡಿದರು. ಹಿಂದೆ, ಜೋಗವ್ವ ಸುಮ್ಮನೆ ಯಾಕೆ ಅಂದಾಳು ಎಂದರು. ಗುಡ್ಡದ ಅಂಗಡಿಯವರು ಬೇರೆಯವರ ಹತ್ತಿರ ಸರ ಮಾಡಿಸತೊಡಗಿದರು. ಕಾಕು ಕವಡೆ ಮುಟ್ಟುವುದನ್ನು ಬಿಟ್ಟು ಮದುವೆ ಮನೆಗಳಿಗೆ ಶಾವಿಗೆ ಹೊಸೆದುಕೊಡುವ ಕೆಲಸ ಹಿಡಿದರು. "ನಾ ಕದ್ದಿಲ್ಲ ತಮ್ಮಾ" ಎಂದು ರಜೆಗೆ ಹೋದಾಗಲೆಲ್ಲ ಹೇಳುತ್ತಿದ್ದರು, ನಾನೇ ಅನುಮಾನಪಟ್ಟವನೆಂಬಂತೆ. ನಾನು ನೌಕರಿ ಬದಲಿಸುತ್ತ, ಊರು ಬದಲಿಸುತ್ತ, ಯಾವ ಕಡೆಯೂ ನಿಲ್ಲದೆ ತಿರುಗುತ್ತಿದ್ದ ವರ್ಷಗಳಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ಹೋಗಲು ಆಗಲಿಲ್ಲ.

ಈ ಕಥೆಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಸಮುದ್ರದ ಪಾಠ ಬಂದಾಗ ಒಂದು ಚಿಪ್ಪಿಗೆ ಆಮ್ಲ ಹಾಕಿ ಗುಳ್ಳೆ ತೋರಿಸಿ, "ನಮ್ಮ ಕಾಕು ಒಬ್ಬರು ಹಂಡ್ಯಾಗ ಕವಡಿ ಬೇಸಿದ್ರು" ಎಂದರೆ ಮಕ್ಕಳು ನಗುತ್ತಾರೆ, ಪಾಠ ನೆನಪಿಡುತ್ತಾರೆ. ಹೋಲಿಕೆ ಸರಿಯಾದದ್ದಲ್ಲ ಎಂದು ನನಗೆ ಗೊತ್ತು. ಸಮುದ್ರ ಹುಣಸೆ ನೀರಾಗಿಲ್ಲ. ಅದು ಈಗಲೂ ಕ್ಷಾರವೇ, ಮೊದಲಿದ್ದಷ್ಟು ಅಲ್ಲ, ಅಷ್ಟೆ. ನಮ್ಮ ಒಲೆ, ಗಾಡಿ, ಕಾರ್ಖಾನೆಗಳ ಹೊಗೆಯಲ್ಲಿ ಒಂದು ಪಾಲನ್ನು ನೀರು ಹೀರಿಕೊಳ್ಳುತ್ತದೆ. ಹೀರಿದಷ್ಟೂ, ಚಿಪ್ಪು ಕಟ್ಟಲು ಬೇಕಾದ ಸಾಮಗ್ರಿ ನೀರಿನಲ್ಲಿ ಕಡಿಮೆಯಾಗುತ್ತದೆ. ಅಲ್ಲಿ ಯಾವ ಕವಡೆಯ ಮೇಲೂ ಗುಳ್ಳೆ ಏಳುವುದಿಲ್ಲ. ಆಗುವುದು ಇನ್ನೂ ನಿಧಾನದ, ಇನ್ನೂ ನೀಚವಾದ ಸಂಗತಿ. ಮರಿಹುಳ ತನ್ನ ಮೊದಲ ಗೋಡೆ ಕಟ್ಟಲು ಹೆಚ್ಚು ದುಡಿಯಬೇಕು. ಆ ದುಡಿತಕ್ಕೆ ಬೆಳೆಯುವ, ಮರಿ ಹಾಕುವ ಶಕ್ತಿಯನ್ನೇ ಮುರಿಯಬೇಕು. ಹವಳದ ಸಂಕಟ ಬೇರೆ. ಹವಳವೂ ಪ್ರಾಣಿ. ಅದರ ಮೈಯೊಳಗೆ ಬಾಳುವ ಸಣ್ಣ ಪಾಚಿ ಅದಕ್ಕೆ ಬಣ್ಣವನ್ನೂ ಊಟವನ್ನೂ ಕೊಡುತ್ತದೆ. ನೀರು ಹದ ಮೀರಿ ಬೆಚ್ಚಗಾಗಿ ಹಾಗೇ ನಿಂತರೆ ಹವಳ ಆ ಪಾಚಿಯನ್ನು ಹೊರಹಾಕುತ್ತದೆ. ಉಳಿಯುವ ಬಿಳುಪು ಸಾವಲ್ಲ, ಹಸಿವು. ನೀರು ಬೇಗ ತಣಿದರೆ ಬದುಕೀತು, ತಣಿಯದಿದ್ದರೆ ಸಾಯುತ್ತದೆ. ದಿಬ್ಬ ಸತ್ತು ಕುಸಿದರೆ ಅದರ ಸಂದಿಗಳಲ್ಲಿ ಅಡಗುತ್ತಿದ್ದ ಮೀನು, ಏಡಿ, ಕವಡೆ ಎಲ್ಲ ಬಯಲಿಗೆ ಬೀಳುತ್ತವೆ.

ಇತಿಹಾಸದ ಅಧ್ಯಾಪಕರ ಫೋನಿನಲ್ಲಿ ಮಲ್ಲಿಗೆಯಂತೆ ಕಂಡದ್ದು ಆ ಹಸಿವು. ದೋಣಿ ಬಾಡಿಗೆಗೆ ಹಿಡಿದು, ಚುರಮುರಿ ತಿನ್ನುತ್ತ, ಗಾಜಿನ ತಳದಿಂದ ಅದನ್ನು ನೋಡಿ ಚಂದ ಅನ್ನುತ್ತೇವೆ. ಅಲ್ಲೇ ಇನ್ನೂ ಬದುಕಿರುವ ಒಂದು ಹುಳವನ್ನು ಹಿಡಿದು ಜೇಬಿಗೆ ಹಾಕಿಕೊಳ್ಳುತ್ತೇವೆ. ಮನೆಗೆ ಬಂದು ಕುಜದೋಷಕ್ಕೆ ಹವಳದ ಉಂಗುರ ಮಾಡಿಸುತ್ತೇವೆ. ನನಗೆ ಇದೆಲ್ಲ ಹೇಸಿಗೆ ಹುಟ್ಟಿಸುತ್ತದೆ. ಇದನ್ನೇ ಪರದೆಯ ಮೇಲೆ ತೋರಿಸಿ, ಒಬ್ಬ ಹೆಂಗಸಿನ ಮಾನ ಹೋದ ದಿನವನ್ನು ನಗೆಚಟಾಕಿ ಮಾಡಿ, ಚಪ್ಪಾಳೆ ಗಿಟ್ಟಿಸುವ ನನ್ನ ಪಾಠವೂ ಅದರಲ್ಲಿ ಸೇರಿದೆ.

ಡ್ರಾವರಿನ ನಾತದ ನಂತರ ಒಂದು ಅನುಮಾನ ನನ್ನನ್ನು ಬಿಡಲಿಲ್ಲ. ಹುಣಸೆಹಣ್ಣಿಗೆ ನಿಜಕ್ಕೂ ಅಷ್ಟು ಬಲ ಉಂಟೇ? ಮೂರು ತಲೆಮಾರಿನ ದಪ್ಪ ಕವಡೆ ಒಂದು ರಾತ್ರಿಗೆ ಗುರುತು ಸಿಗದಂತಾದೀತೇ? ನಾನು ಕಾಕುವನ್ನು ನಂಬಿದ್ದು ಕಂಡದ್ದರಿಂದಲೋ, ನೆರೆಮನೆಯ ಪ್ರೀತಿಯಿಂದಲೋ? ಕದ್ದಿರಬಹುದೇ? ಈ ಪ್ರಶ್ನೆ ಬಂದದ್ದಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ಆದರೂ ಅದು ಬಂದಿತ್ತು.

ಗುಡ್ಡದ ಕೆಳಗಿನ ಅಂಗಡಿಗೆ ಹೋಗಿ ಕವಡೆ ಕೇಳಿದೆ. ಅಂಗಡಿಯವನು ಒಂದು ಗೊಂಚಲು ಎತ್ತಿ ಅಲುಗಿಸಿದ.

"ಪ್ಲಾಸ್ಟಿಕ್ ಅಲ್ಲೇನೋ ಇದು?"

"ಪ್ಲಾಸ್ಟಿಕ್ಕ ಒಯ್ರಿ ಸರ. ನಾತಿಲ್ಲ, ಒಡಿಯಂಗಿಲ್ಲ, ಬಿಸಲಿಗೆ ಬಣ್ಣಾ ಹೋಗಂಗಿಲ್ಲ. ದೇವಿಗೆ ಎಲ್ಲಾ ಒಂದ."

"ಅಸಲಿ ಇಲ್ಲೇನು?"

"ಅದಾವ್ರಿ. ಸಣ್ಣಾವು." ಒಳಗಿನಿಂದ ಒಂದು ಡಬ್ಬಿ ತಂದ. ನಿಜಕ್ಕೂ ಸಣ್ಣವು. ಜೋಗವ್ವನ ಸರದ ಕವಡೆಗಳು ಇವಕ್ಕಿಂತ ಬಹಳ ದೊಡ್ಡವಿದ್ದವು ಎನಿಸಿತು. ಕೂಡಲೇ, ಕಳೆದುಕೊಂಡದ್ದು ಯಾವಾಗಲೂ ದೊಡ್ಡದೇ ಇರುತ್ತದೆ ಎಂದೂ ಎನಿಸಿತು. ದೊಡ್ಡವನ್ನೆಲ್ಲ ನಾವು ಹಿಡಿದು ಮುಗಿಸಿರಬಹುದು. ನೀರು ಕೆಟ್ಟು ಬೆಳೆಯದೇ ಇರಬಹುದು. ಬೇರೆ ಜಾತಿಯವೇ ಇರಬಹುದು.

ಬೈಲಹೊಂಗಲದ ನನ್ನ ಬಾಡಿಗೆ ಮನೆಯಲ್ಲಿ ಒಂದು ಬೋಗುಣಿಗೆ ಹುಣಸೆಹಣ್ಣು ಕಿವುಚಿ, ಒಂದನ್ನು ಬಿಟ್ಟು ಉಳಿದ ಕವಡೆಗಳನ್ನು ಹಾಕಿ, ಸಣ್ಣ ಉರಿಯಲ್ಲಿ ಬಿಟ್ಟೆ. ಬೆಳಿಗ್ಗೆ ತೆಗೆದಾಗ ಅದೇ ಸುಣ್ಣದ ಬಣ್ಣ, ಅದೇ ಹುಡಿ. ಕಾಕು ಸುಳ್ಳು ಹೇಳಿರಲಿಲ್ಲ. ಸತ್ತ ಹೆಂಗಸೊಬ್ಬಳ ನಿಜ ಸಾಬೀತು ಮಾಡಲು ಇನ್ನಷ್ಟು ಹುಳಗಳ ಮನೆ ಸುಟ್ಟಿದ್ದೆ. ಆದರೂ ಎದೆ ಹಗುರಾಯಿತು. ಇದನ್ನು ಜೋಗವ್ವನ ಮನೆಯವರಿಗೆ ತೋರಿಸಬೇಕೆಂದು ಆ ದಿನವೇ ಹೊರಟೆ.

ಮನೋಳಿಯಲ್ಲಿ ವಿಚಾರಿಸಿದಾಗ ಜೋಗವ್ವ ತೀರಿಕೊಂಡು ಬಹಳ ವರ್ಷವಾಯಿತೆಂದೂ, ಮೊಮ್ಮಗಳು ಸವದತ್ತಿಯಲ್ಲಿ ರಕ್ತ ಪರೀಕ್ಷೆಯ ಲ್ಯಾಬ್ ಇಟ್ಟಿದ್ದಾಳೆಂದೂ ಹೇಳಿದರು. ಲ್ಯಾಬಿನ ಹಿಂದೆಯೇ ಮನೆ. ಗೋಡೆಯ ಮೇಲೆ ಬುದ್ಧನ ಚಿತ್ರ. ನಾನು ಯಾರೆಂದು ಹೇಳಿದ ಕೂಡಲೇ ಅವಳು ಕೈಗವಸು ಕಳಚಿ, ಕುರ್ಚಿ ಎಳೆದಳು.

"ಕುಂಡ್ರಿ ಸರ. ಗುಳ್ಳಿ ತೋರಸಿದಾವ್ರು ನೀವ ಏನು? ಆಯಿ ನಕಲಿ ಮಾಡಿ ತೋರಸ್ತಿದ್ಲು ನಿಮ್ಮನ್ನ."

ಅಜ್ಜಿಯನ್ನು ಅವಳು ಆಯಿ ಅನ್ನುತ್ತಿದ್ದಳು. ಹೇಳುತ್ತ ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಸರ ಇದೆಯೇ ಎಂದು ಕೇಳಿದೆ.

"ನಮ್ಮವ್ವನ ಕಾಲಕ್ಕ ನಾವು ಬೌದ್ಧರಾದ್ವಿ ಸರ. ಗುಡ್ಡಕ್ಕ ಹೋಗೂದ ಬಿಟ್ಟೇವಿ. ಆದ್ರ ಆಯೀದು ಅಂತ ಇಟ್ಟೇನಿ," ಎಂದು ಟ್ರಂಕಿನಿಂದ ತಂದು ಮೇಜಿನ ಮೇಲೆ ಹರವಿದಳು. ನಾನು ಬೇಯಿಸಿದ ಕವಡೆಗಳನ್ನು ಪಕ್ಕದಲ್ಲಿಟ್ಟೆ, ಬೇಯಿಸದ ಒಂದನ್ನೂ ಇಟ್ಟೆ. ಹುಳಿ ಏನು ಮಾಡುತ್ತದೆ ಎಂದು ವಿವರಿಸಿದೆ. ಕಾಕು ಕದ್ದಿರಲಿಲ್ಲ ಎಂದೆ.

ಅವಳು ಕೊನೆಯತನಕ ಕೇಳಿಸಿಕೊಂಡಳು. "ಇಷ್ಟ ಹೇಳಾಕ ಬೈಲಹೊಂಗಲದಿಂದ ಬಂದ್ರೇನ್ರಿ? ಆಯಿಗೆ ಗೊತ್ತಿತ್ತ್ರಿ. ಆ ದಿನಾ ಮನಿಗೆ ಬಂದು ಒಂದೊಂದ ಕವಡಿ ತೂತಿನಾಗ ಬೆರಳ ಆಡಿಸಿ ನೋಡಿ, 'ಅವ ಅದಾವ' ಅಂದ್ಲಂತ."

"ಮತ್ತ ಕದ್ದಾಳ ಅಂತ…"

"ಕದ್ದಾಳ ಅಂದ್ರ ಓಣಿ ಮಂದಿ ಬಾಗಲಾ ತಗದು ಹೊರಗ ಬರತಾರ. ನನ್ನ ಕೊರಳಿಗೆ ಹೇಸಿ ತೊಳದ್ಲು ಅಂದಿದ್ರ ಯಾರ ಬರತಿದ್ರು ಸರ? ತೊಳದ್ರ ತಪ್ಪೇನಬೇ ಅಂತಿದ್ರು."

 ಹೊರಗೆ ಯಾರೋ ರಿಪೋರ್ಟು ಕೇಳಲು ಬಂದರು. ಅವಳು ಕೊಟ್ಟು ಕಳಿಸಿ ಮತ್ತೆ ಬಂದು ಕೂತಳು.

"ಹೋಗಿ ಖರೇ ಹೇಳಿ ಬಾ ಅಂತ ನಮ್ಮವ್ವ ಭಾಳ ಸಲಾ ಅಂದ್ಲಂತ. ಪಾಪ, ಅವರ ಹೊಟ್ಟಿಪಾಡ ಹೋತು ಅಂತ. ಆಯಿ ಹೋಗಲಿಲ್ಲ. 'ಯಾಕ ತೊಳದ್ಲು ಅನ್ನೂದು ಆಕಿ ಮೊದಲ ಹೇಳಲಿ' ಅಂತಿದ್ಲು. ಇಬ್ರೂ ಹೇಳಲಾರದ ಹ್ವಾದ್ರು." ಅವಳು ನನ್ನನ್ನು ನೇರವಾಗಿ ನೋಡಿದಳು. "ನೀವು ಅಲ್ಲೇ ಇದ್ರಲ್ರಿ. ಹೇಳ್ರಿ. ಹೊಸಾ ಚೀಲದ ನಾತಕ್ಕ ತೊಳದ್ರೋ, ಆಯಿ ಮೈಗೆ ಹೇಸಿ ತೊಳದ್ರೋ?"

ನನ್ನೊಳಗೆ ಎರಡು ಚಿತ್ರಗಳು ಎದ್ದವು. ಒಂದರಲ್ಲಿ ಕಾಕು ಜೋಗವ್ವನ ಸರವನ್ನು ಅಂಗೈಯಲ್ಲಿ ಎತ್ತಿ ಹಂಡೆಗೆ ಬಿಡುತ್ತಾರೆ. ಇನ್ನೊಂದರಲ್ಲಿ ಒಲೆಯ ಕಟ್ಟಿಗೆಯ ತುದಿಗೆ ಸಿಕ್ಕಿಸಿ, ಮುಖ ಆಚೆ ತಿರುಗಿಸಿ ಬಿಡುತ್ತಾರೆ. ಎರಡೂ ಒಂದೇ ಬೆಳಕಿನಲ್ಲಿ, ಒಂದೇ ಬಚ್ಚಲಿನಲ್ಲಿ. ಅವರು ಕವಡೆ ಹಾಕುವಾಗ ನಾನು ಅಲ್ಲಿದ್ದೆನೋ ಇಲ್ಲವೋ, ಅದೂ ಗೊತ್ತಿಲ್ಲ. ಕೈಯಲ್ಲೇ ಎತ್ತಿದರು ಎಂದು ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು.

"ನನಗ ನೆನಪಿಲ್ಲವ್ವ," ಅಂದೆ.

"ಹೇಸಿದ್ದಿಲ್ಲ ಅಂದಿದ್ರ ನಾ ನಂಬತಿದ್ದಿಲ್ಲ ಬಿಡ್ರಿ." ಅವಳು ಸರವನ್ನು ಮಡಚಿ ಟ್ರಂಕಿನಲ್ಲಿಟ್ಟಳು. ಬೇಯಿಸದ ಕವಡೆಯನ್ನು ನನ್ನ ಕಡೆಗೆ ಸರಿಸಿದಳು. "ಇದನ್ನ ಒಯ್ರಿ ಸರ. ಚಾ ಕುಡದ ಹೋಗ್ರಿ."

ಚಹಾ ಕುಡಿದೆ. ಅವಳ ಮನೆಯಲ್ಲಿ ಎಲ್ಲರಿಗೂ ಒಂದೇ ಥರದ ಲೋಟಗಳಿದ್ದವು.

ಬಸ್ ನಿಲ್ದಾಣದಲ್ಲಿ ಆ ಕವಡೆಯನ್ನು ಏನು ಮಾಡುವುದೆಂದು ತಿಳಿಯದೆ ನಿಂತೆ. ಚರಂಡಿಗೆ ಎಸೆಯಲು ಕೈ ಬರಲಿಲ್ಲ. ತಿರುಗಿ ಅದರ ನೀರಿಗೆ ಬಿಡೋಣವೆಂದರೆ, ಒಳಗಿದ್ದದ್ದು ಎಂದೋ ಸತ್ತಿದೆ. ಆ ನೀರೂ ಅದು ಹುಟ್ಟಿದಾಗಿನ ನೀರಾಗಿ ಉಳಿದಿಲ್ಲ. ಕಾಕು ಇಲ್ಲ, ಜೋಗವ್ವ ಇಲ್ಲ. ಅವರಿಬ್ಬರ ನಡುವೆ ಒಂದು ಮಾತು ಆಡಬಹುದಾಗಿದ್ದ ವರ್ಷಗಳೂ ಇಲ್ಲ. ಬೈಲಹೊಂಗಲದ ಬಸ್ಸು ಬಂತು. ಕವಡೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಹತ್ತಿದೆ.